ಹನ್ನೊಂದನೆಯ ಮೊದಲ ದಿನ

ಟ್ಯೂನಾ ಮೀನಿನ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಬೆರ್ತಿಂಗ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಹೊಸಬರಾ? ಹೆಸರೇನು?" ಎಂದು ಕೇಳಿದ. ಆರು ವರ್ಷದಿಂದ ನನ್ನ ಬುತ್ತಿಯ ಒಣಮೀನು ತಿಂದ ಮನುಷ್ಯ ಅವನು. ಅವನ ಕಿರಿಮಗಳಿಗೆ ಚರ್ಚಿನಲ್ಲಿ ನೀರು ಹಾಕಿಸುವಾಗ ಎತ್ತಿಕೊಂಡು ನಿಂತ ಧರ್ಮತಾಯಿ ನಾನು. ನಾನೂ ಮುಖ ಬಿಗಿದುಕೊಂಡು, "ಫ್ಲೋರ್ದೆಲಿಸಾ ಕಬನ್ಯಾಸ್" ಎಂದೆ. ಮೊದಲ ಸಲ ಬರುತ್ತಿರುವುದಾ ಎಂದು ಕೇಳಿದ. ಹೌದು, ಮೊದಲ ಸಲ ಎಂದೆ. ಅವನ ತಲೆಯ ಮೇಲೆ ಕ್ಯಾಮೆರಾ ಇತ್ತು. ಅದಕ್ಕೆ ಕಾಣದ ಹಾಗೆ ಅವನು ಬೂಟಿನ ತುದಿಯಿಂದ ನನ್ನ ಚಪ್ಪಲಿಯನ್ನು ಸ್ವಲ್ಪ ತುಳಿದ. ಹುಷಾರು ಎಂದು ಅದರ ಅರ್ಥ.

ಅದು ನನ್ನ ಹನ್ನೊಂದನೆಯ ಮೊದಲ ದಿನ.

ಜೆನ್‌ಸಾನ್‌ ಎಂಬ ನಮ್ಮ ಬಂದರಿನ ಊರಿನಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರು ತಿಂಗಳು ದುಡಿದವರನ್ನು ಕಾಯಂ ಮಾಡಬೇಕು ಎಂದು ಕಾನೂನು. ಅದಕ್ಕೇ ಐದನೆಯ ತಿಂಗಳು ಮುಗಿಯುತ್ತಿದ್ದ ಹಾಗೆ ಕಂಪನಿಯವರು ಕೈಕುಲುಕಿ, ಒಂದು ಡಬ್ಬಿ ಟ್ಯೂನಾ ಕೊಟ್ಟು ಮನೆಗೆ ಕಳಿಸುತ್ತಾರೆ. ನಾವು ಒಂದೋ ಎರಡೋ ತಿಂಗಳು ಮನೆಯಲ್ಲಿ ಕೂತು, ಇನ್ನೊಬ್ಬ ಗುತ್ತಿಗೆದಾರನ ಕಡೆಯಿಂದ ಹೊಸಬರಾಗಿ ಹುಟ್ಟಿ ಬರುತ್ತೇವೆ. ನಮ್ಮ ಹೆಸರಿರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಕಂಪನಿಯ ಹತ್ತಿರ ಇರುವುದು ನಮ್ಮ ಟೋಪಿಯ ನಂಬರು ಮಾತ್ರ. ಟೋಪಿ, ಮುಖಗವಸು, ಅದರ ನಡುವೆ ಎರಡು ಕಣ್ಣು. ಆರು ವರ್ಷದಲ್ಲಿ ಆಫೀಸಿನವರು ಯಾರೂ ನನ್ನ ಮೂಗು ನೋಡಿಲ್ಲ. ಅರ್ಜಿಯಲ್ಲಿ ಒಂಬತ್ತನೆಯ ಪ್ರಶ್ನೆ, "ಈ ಹಿಂದೆ ಇಲ್ಲಿ ಕೆಲಸ ಮಾಡಿದ್ದೀರಾ?" ಅದಕ್ಕೆ "ಇಲ್ಲ" ಎಂದು ಬರೆಯಬೇಕು. ಹಾಗೆ ಬರೆಯಿರಿ ಎಂದು ಮೊದಲು ಹೇಳಿಕೊಟ್ಟವರೇ ಇಲ್ಲಿಯ ಮೇಸ್ತ್ರಿಗಳು. ಪಳಗಿದ ಕೈ ಅವರಿಗೆ ಬೇಕಿತ್ತು, ನಮಗೆ ಅನ್ನ ಬೇಕಿತ್ತು. ಸುಳ್ಳಿನಲ್ಲಿ ಇಬ್ಬರೂ ಸುಖವಾಗಿದ್ದೆವು.

ಈ ಸಲ ಮಾತ್ರ ಹಾಗಿರಲಿಲ್ಲ. ಬೇರೆ ಒಂದು ಕಾರ್ಖಾನೆಯ ಹೆಂಗಸರು ಒಟ್ಟಾಗಿ ಕಾರ್ಮಿಕ ಇಲಾಖೆಗೆ ಹೋಗಿ, ನಾವು ಏಳು ವರ್ಷದಿಂದ ಇಲ್ಲೇ ಇದ್ದೇವೆ ಎಂದು ಕೂತುಬಿಟ್ಟಿದ್ದರಂತೆ. ಅದನ್ನು ಕೇಳಿ ನಮ್ಮ ಕಂಪನಿಗೆ ಚಳಿ ಹಿಡಿದಿತ್ತು. ಹಳಬರನ್ನು ಒಬ್ಬರನ್ನೂ ಒಳಗೆ ಬಿಡಬಾರದು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನಮ್ಮನ್ನು ಆರಿಸಿ ಹಾಕಲು ದಾವಾವೋ ಪಟ್ಟಣದಿಂದ ಒಬ್ಬ ಹೊಸ ಮೇಡಂ ಬಂದಿದ್ದಾಳೆ ಎಂದು ಪ್ರಿಸ್ಕಾ ಬೆಳಿಗ್ಗೆ ಬಾಡಿಗೆ ಟ್ರೈಸಿಕಲ್ಲಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದಳು. ಪ್ರಿಸ್ಕಾ ನನ್ನ ಓಣಿಯವಳು, ಕೆಲಸದ ಸಾಲಿನಲ್ಲಿ ನನ್ನ ಎದುರಿಗೆ ನಿಲ್ಲುವವಳು, ಬಾಯಿಗೆ ಬೀಗವಿಲ್ಲದವಳು. ಇವತ್ತು ಒಂದು ದಿನ ಬಾಯಿ ಮುಚ್ಚಿಕೊಂಡಿರು ಎಂದೆ. ತನ್ನ ಬಾಯಿಯ ಚಿಂತೆ ತನಗಿಲ್ಲ, ಚಿಂತೆಯೇನಿದ್ದರೂ ನನ್ನ ಕೈಯದು, ಮೀನು ಕಂಡರೆ ಅದು ಸುಮ್ಮನಿರುವುದಿಲ್ಲ ಎಂದಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಈ ಸಲದ ಕೆಲಸ ಬೇಕೇ ಬೇಕಿತ್ತು. ನಲವತ್ತೈದು ದಾಟಿದವರನ್ನು ಯಾವ ಗುತ್ತಿಗೆದಾರನೂ ಮುಟ್ಟುವುದಿಲ್ಲ, ಮಾರ್ಚಿಗೆ ನನಗೆ ನಲವತ್ತಾರು. ಗಂಡ ಬಂದರಿನಲ್ಲಿ ಮೀನು ಹೊರುತ್ತಿದ್ದವನು. ತನಗಿಂತ ಭಾರದ ಟ್ಯೂನಾಗಳನ್ನು ಹೊತ್ತು ಹೊತ್ತು ಬೆನ್ನು ಬಿದ್ದುಹೋಗಿ, ಈಗ ಮನೆಯಲ್ಲಿ ಕೂತು ಬಲೆ ಹೊಲಿಯುತ್ತಾನೆ, ಬಿಡುವಾದಾಗ ನನ್ನ ಮೇಲೆ ರೇಗುತ್ತಾನೆ. ಮನೆಯ ಒಲೆ ಉರಿಯುವುದು ನನ್ನ ಚಾಕುವಿನಿಂದ. ಇದು ತಪ್ಪಿದರೆ ಇನ್ನೊಮ್ಮೆ ಹೊಸಬಳಾಗುವ ಅವಕಾಶ ನನಗಿಲ್ಲ.

ಸಭಾಂಗಣದಲ್ಲಿ ಬಲೂನು ಕಟ್ಟಿದ್ದರು. "ನಮ್ಮ ಕುಟುಂಬಕ್ಕೆ ಸ್ವಾಗತ" ಎಂಬ ಬಟ್ಟೆ ಹೋದ ಸಲದ್ದೇ, ಮೂಲೆಯಲ್ಲಿ ಅದೇ ಸೋಯಾ ಸಾಸಿನ ಕಲೆ. ಇಪ್ಪತ್ತನಾಲ್ಕು ಕುರ್ಚಿಗಳಲ್ಲಿ ಇಪ್ಪತ್ತನಾಲ್ಕು ಹೆಂಗಸರು. ಅದರಲ್ಲಿ ಇಪ್ಪತ್ತಮೂರು ಜನ ಒಬ್ಬರನ್ನೊಬ್ಬರು ಜನ್ಮದಲ್ಲಿ ನೋಡದವರ ಹಾಗೆ ಕೂತಿದ್ದರು. ಪ್ರಿಸ್ಕಾ ಎರಡು ಸಾಲು ಮುಂದೆ ಕೂತು, ಪಕ್ಕದಲ್ಲಿದ್ದ ಸ್ವಂತ ಚಿಕ್ಕಮ್ಮನ ಮಗಳಿಗೆ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಿದ್ದಳು.

ನಿಜವಾಗಿ ಹೊಸಬಳು ಒಬ್ಬಳೇ. ಅವಳು ಬಂದು ಕೂತದ್ದು ನನ್ನ ಪಕ್ಕದಲ್ಲಿ. ಹೋದ ಸಲ ಆ ಕುರ್ಚಿಯಲ್ಲಿ ನನ್ನ ನಾದಿನಿ ಕೂತಿದ್ದಳು. ಈ ಸಲ ಗುತ್ತಿಗೆದಾರ ಅವಳ ಹೆಸರು ಹೊಡೆದುಹಾಕಿ ಈ ಹುಡುಗಿಯ ಹೆಸರು ಬರೆದಿದ್ದ. ಹತ್ತೊಂಬತ್ತು ವರ್ಷವಿರಬಹುದು. ಬೆಟ್ಟದ ಮೇಲಿನ ಕೆರೆಯ ಕಡೆಯವಳು, ಹೆಸರು ರೀಜಲಿನ್. ಹೊಸ ಬೂಟು, ಎಣ್ಣೆ ಹಾಕಿ ಬಾಚಿದ ಕೂದಲು. ಅವಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳದೇನೂ ತಪ್ಪಿಲ್ಲ ಎಂದು ಗೊತ್ತಿದ್ದೂ ಉರಿಯುತ್ತಿತ್ತು. ತನ್ನ ಬನ್ನಿನಲ್ಲಿ ಅರ್ಧ ಮುರಿದು ಕೊಡಲು ಬಂದಳು. ಬೇಡ ಎಂದೆ. ಅರ್ಜಿ ತುಂಬುವಾಗ ನನ್ನ ಕಡೆ ಬಾಗಿದಳು.

"ಅಕ್ಕಾ, ಈ ಒಂಬತ್ತನೇದಕ್ಕೆ ಏನು ಬರೀಲಿ?"

"ಇಲ್ಲ ಅಂತ ಬರಿ."

"ನಾನು ನಿಜವಾಗ್ಲೂ ಕೆಲಸ ಮಾಡಿಲ್ಲ ಅಕ್ಕ."

"ಹಾಗಿದ್ರೆ ಇನ್ನೂ ಚೆನ್ನಾಗಿ ಬರಿ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಮನಸ್ಸೂ ನನಗಿರಲಿಲ್ಲ. ಆದರೆ ಆ ಹೊತ್ತಿನಿಂದ ಅವಳು ನನ್ನನ್ನು ಬಿಡಲಿಲ್ಲ. ನಾನು ಕಾಲು ಮೇಲೆ ಕಾಲು ಹಾಕಿದರೆ ಅವಳೂ ಹಾಕುತ್ತಿದ್ದಳು. ನಾನು ಪೆನ್ನು ಕೆಳಗಿಟ್ಟರೆ ಅವಳೂ ಇಡುತ್ತಿದ್ದಳು. ಗೊತ್ತಿಲ್ಲದ ಊರಿಗೆ ಬಂದವರು ಯಾರಾದರೊಬ್ಬರ ಬೆನ್ನು ಹಿಡಿಯುತ್ತಾರಲ್ಲ, ಹಾಗೆ.

ಮೇಡಂ ಬಂದಳು. ಜಾನೆಲ್ ಎಂದು ಹೆಸರು. ಇಪ್ಪತ್ತಾರರ ಆಚೀಚೆ, ಇಸ್ತ್ರಿ ಮಾಡಿದ ಅಂಗಿ, ಹಲ್ಲೆಲ್ಲ ಕಾಣುವ ನಗು, ನಗದ ಕಣ್ಣು. ಮೊದಲು ಪ್ರಾರ್ಥನೆ, ಆಮೇಲೆ ರಾಷ್ಟ್ರಗೀತೆ, ಆಮೇಲೆ ಎಲ್ಲರೂ ಎದ್ದು ಕುಣಿಯಬೇಕು. ಚಳಿ ಬಿಡಲಿ ಎಂದು ಎಲ್ಲ ಕಡೆ ಕುಣಿಸುತ್ತಾರೆ, ಕುಣಿದೆವು. ಪ್ರತಿಯೊಬ್ಬರ ಎದೆಗೂ ಸೂರ್ಯಕಾಂತಿ ಹೂವಿನ ಆಕಾರದ ಹೆಸರಿನ ಚೀಟಿ ಅಂಟಿಸಿದಳು. ತಾನೂ ನಮ್ಮ ಹಾಗೆ ಹೊಸಬಳೇ, ಬಂದು ಎಂಟೇ ದಿನವಾಯಿತು, ಆದ್ದರಿಂದ ಇವತ್ತಿನಿಂದ ನಾವೆಲ್ಲ ಒಂದೇ ಮನೆಯವರು ಎಂದು ಭಾಷಣ ಮಾಡಿದಳು. ಭಾಷಣದ ನಡುವೆ ಇದ್ದಕ್ಕಿದ್ದ ಹಾಗೆ ಕಂಪನಿಯ ಹಾಡಿನ ಮೊದಲ ಸಾಲು ಹಾಡಿ ನಿಲ್ಲಿಸಿದಳು.

ಆ ಹಾಡು ಆರು ವರ್ಷ ದಿನಾ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಕೇಳಿ ನಮ್ಮ ಮೂಳೆಗೆ ಇಳಿದಿದೆ. ನಾನು ಗುನುಗುವುದನ್ನು ಕೇಳಿ ಕೇಳಿ ನನ್ನ ಗಂಡ ಕೂಡ ಅದನ್ನು ನಿದ್ದೆಯಲ್ಲಿ ಹಾಡುತ್ತಾನೆ. ಮೊದಲ ಸಾಲು ಕೇಳಿದರೆ ಎರಡನೆಯದು ತಾನಾಗಿ ತುಟಿಗೆ ಬರುತ್ತದೆ. ಮೇಡಂ ಇಪ್ಪತ್ತನಾಲ್ಕು ತುಟಿಗಳನ್ನು ಒಂದೊಂದಾಗಿ ನೋಡಿದಳು. ನಾನು ನಾಲಗೆ ಕಚ್ಚಿಕೊಂಡೆ. ಯಾರ ತುಟಿಯೂ ಅಲುಗಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಇವಳು ನಮಗೆ ಏನನ್ನೂ ಕಲಿಸಲು ಬಂದವಳಲ್ಲ, ನಮಗೆ ಏನು ಗೊತ್ತಿದೆ ಎಂದು ಹಿಡಿಯಲು ಬಂದವಳು.

ಹತ್ತೂವರೆಗೆ ಹತ್ತು ನಿಮಿಷ ಬಿಡುವು ಕೊಟ್ಟಳು. ಶೌಚಾಲಯಕ್ಕೆ ಹೋಗುವವರು ಹೋಗಿ ಬನ್ನಿ ಎಂದು ಹೇಳಿ ಕಾಗದ ನೋಡುತ್ತ ಕೂತಳು. ಎಲ್ಲಿದೆ ಎಂದು ಹೇಳಲಿಲ್ಲ. ಎರಡು ಬಾಗಿಲು, ಎರಡರ ಮೇಲಿನ ಫಲಕವೂ ಕಾಣದ ಹಾಗೆ ಬಲೂನು. ನನಗೆ ಅದು ಹೊಳೆದಿದ್ದೇ ಪ್ರಿಸ್ಕಾ ಕಡೆ ತಿರುಗಿದೆ. ತಡವಾಗಿತ್ತು. ಕುಣಿದು ಕುಣಿದು ಅವಳಿಗೆ ತಡೆಯಲಾಗಿರಲಿಲ್ಲ. ಎದ್ದವಳೇ ಎಡಗಡೆಯ ಬಾಗಿಲು ತಳ್ಳಿ, ಅಲ್ಲಿ ಎತ್ತರದ ಹೊಸಿಲು ಇರುವುದನ್ನು ನೋಡದೆಯೇ ಕಾಲೆತ್ತಿ ದಾಟಿ ಹೋಗಿದ್ದಳು.

ಬರುವಾಗ ಮೇಡಂ ಬಾಗಿಲಲ್ಲೇ ನಿಂತಿದ್ದಳು.

"ದಾರಿ ಹೇಗೆ ಗೊತ್ತಾಯ್ತು ನಿಮಗೆ?"

"ವಾಸನೆ ಮೇಡಂ," ಎಂದಳು ಪ್ರಿಸ್ಕಾ.

ಎಲ್ಲರೂ ನಕ್ಕೆವು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಲೇ ಕೈ ಚಾಚಿ ಪ್ರಿಸ್ಕಾಳ ಎದೆಯ ಮೇಲಿನ ಹೂವನ್ನು ಸರಕ್ಕನೆ ಕಿತ್ತಳು. ಸಹಕಾರಕ್ಕೆ ಧನ್ಯವಾದ, ಗೇಟಿನಲ್ಲಿ ಸಹಿ ಮಾಡಿ ಹೋಗಿ ಎಂದಳು. ಪ್ರಿಸ್ಕಾ ಚೀಲ ತೆಗೆದುಕೊಂಡು ನನ್ನ ಪಕ್ಕದಿಂದಲೇ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನೂ ಸಿಕ್ಕಿಬೀಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಮೂತ್ರಕ್ಕೆ ಹೋದ ಪಾಪಕ್ಕೆ ಹೊಟ್ಟೆಯ ಮೇಲೆ ಹೊಡೆದಳಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ಮಧ್ಯಾಹ್ನ ಪಾನ್ಸಿತ್ ಶ್ಯಾವಿಗೆ ಬಡಿಸಿದರು. ಮಿಕ್ಕವರು ಯಾರೂ ಶೌಚಾಲಯಕ್ಕೆ ಏಳಲಿಲ್ಲ, ನೀರನ್ನೂ ಕುಡಿಯಲಿಲ್ಲ. ರೀಜಲಿನ್ ಮಾತ್ರ ಮೇಡಂ ಹತ್ತಿರ ಹೋಗಿ ಎಲ್ಲಿದೆ ಎಂದು ಕೇಳಿ ಹೋಗಿಬಂದಳು.

ಊಟವಾದ ಮೇಲೆ ಮೀನು ಹೆರೆಯುವ ಮನೆಗೆ ಕರೆದುಕೊಂಡು ಹೋದಳು. ಭಾನುವಾರವಾದ್ದರಿಂದ ಕೆಲಸ ನಿಂತಿತ್ತು. ಮೇಸ್ತ್ರಿಗಳಿಲ್ಲ, ನರ್ಸ್ ಇಲ್ಲ, ಉಗ್ರಾಣಕ್ಕೂ ಬೀಗ. ಕೈಗವಸು ನಾಳೆಯಿಂದ ಕೊಡುತ್ತೇವೆ ಎಂದಳು. ಅವಳ ಕೈಯಲ್ಲಿ ಒಂದು ಕಾಗದವಿತ್ತು, ಅದನ್ನು ನೋಡಿ ನೋಡಿ ಹೇಳುತ್ತಿದ್ದಳು. ಇಲ್ಲಿ ಓಡಬಾರದು. ಇಲ್ಲಿ ಉಗುಳಬಾರದು. ಗಾಯವಾದರೆ ಔಷಧಿ ಪೆಟ್ಟಿಗೆ ಅಲ್ಲಿದೆ, ಹಸಿರು ಶಿಲುಬೆಯ ಗುರುತಿನ ಕೆಳಗೆ. ನಾವೆಲ್ಲ ಭಕ್ತಿಯಿಂದ ಗೋಡೆಯ ಮೇಲಿನ ಹಸಿರು ಶಿಲುಬೆಯನ್ನು ನೋಡಿದೆವು. ಆ ಪೆಟ್ಟಿಗೆಯನ್ನು ಅಲ್ಲಿಂದ ತೆಗೆದು ಎರಡು ವರ್ಷವಾಗಿತ್ತು. ನಾವು ಪಟ್ಟಿ ಕದಿಯುತ್ತೇವೆ ಎಂದು ಮೇಸ್ತ್ರಿ ಅದನ್ನು ಬೂಟು ತೊಳೆಯುವ ತೊಟ್ಟಿಯ ಹಿಂದೆ ಇಟ್ಟು, ಬೀಗ ಹಾಕಿ, ಕೀಲಿಯನ್ನು ಕಂಬದ ಮೊಳೆಗೆ ತೂಗುಹಾಕಿದ್ದ. ಮೇಡಂಗೆ ಯಾರು ಹೇಳಬೇಕು? ಹೇಳಿದವರ ಹೂವು ಕಿತ್ತುಹೋಗುತ್ತದೆ.

ಒಬ್ಬೊಬ್ಬರಿಗೂ ಸೊಂಟಕ್ಕೆ ಒಂದು ಏಪ್ರನ್, ಒಂದು ಹಲಗೆ, ಒಂದು ಚಾಕು, ಅರ್ಧ ಕರಗಿದ ಒಂದು ಮೀನು. ಹೊಟ್ಟೆ ಸೀಳಿ, ಕರುಳು ತೆಗೆದು, ತಲೆ ಬೇರೆ ಮಾಡಿ ತೋರಿಸಬೇಕು. ಮೇಡಂ ಮೊಬೈಲಿನಲ್ಲಿ ಸಮಯ ನೋಡುತ್ತ ನಮ್ಮ ಹಿಂದೆ ಓಡಾಡತೊಡಗಿದಳು. ಬೇಗ ಮಾಡಿದವರು ಹಳಬರು, ಅಷ್ಟೇ ಲೆಕ್ಕ.

ನಾನು ನಿಮಿಷಕ್ಕೆ ನಾಲ್ಕು ಮೀನು ಸೀಳುವವಳು. ಕೈಗೆ ತಿಳಿದ ಕೆಲಸವನ್ನು ತಿಳಿಯದ ಹಾಗೆ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಇಪ್ಪತ್ತೆರಡು ಹೆಂಗಸರು, ಈ ಊರಿನಲ್ಲೇ ಎಣಿಸಬೇಕಾದ ಕೈಗಳು, ಮೊದಲ ಸಲ ಮೀನು ಕಂಡವರ ಹಾಗೆ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆವು. ಒಬ್ಬಳು ಬಾಲದ ಕಡೆಯಿಂದ ಕೊಯ್ಯಲು ಹೊರಟಳು. ಇನ್ನೊಬ್ಬಳು ಮೂಗು ಮುಚ್ಚಿಕೊಂಡಳು. ನಾನು ಚಾಕುವನ್ನು ತಪ್ಪಾಗಿ ಹಿಡಿದೆ. ಹೆಬ್ಬೆರಳು ಚಾಕುವಿನ ಬೆನ್ನ ಮೇಲಿರಬೇಕು, ನಾನು ಐದೂ ಬೆರಳಿನಿಂದ ಮುಷ್ಟಿ ಮಾಡಿ ಹಿಡಿದೆ. ಎಡಗೈ ಕಿವಿರಿನ ಹತ್ತಿರ, ಅಲಗಿನ ಹಿಂದೆ ಇರಬೇಕು. ನಾನು ಹೊಟ್ಟೆಯ ಮೇಲೆ, ಅಲಗು ಬರುವ ದಾರಿಯಲ್ಲೇ ಇಟ್ಟೆ. ನಾನು ಒತ್ತುತ್ತಿರಲಿಲ್ಲ, ಒತ್ತುವ ಹಾಗೆ ಮಾಡುತ್ತಿದ್ದೆ. ನನ್ನ ಕೈಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪಕ್ಕದ ಹಲಗೆಯಲ್ಲಿ ರೀಜಲಿನ್ ನಿಂತಿದ್ದಳು. ಬೆಳಿಗ್ಗೆಯಿಂದ ಮಾಡಿದ್ದನ್ನೇ ಮಾಡುತ್ತಿದ್ದಳು. ನನ್ನ ಕೈಯನ್ನು ನೋಡಿ, ತಾನೂ ಮುಷ್ಟಿ ಮಾಡಿ ಚಾಕು ಹಿಡಿದಳು. ನನ್ನ ಎಡಗೈ ನೋಡಿ ತನ್ನ ಎಡಗೈಯನ್ನು ಅಲ್ಲೇ ಇಟ್ಟಳು. ನಾನು ಕಂಡೆ. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅರ್ಧ ಕರಗಿದ ಮೀನಿನ ಮೇಲೆ ಚಾಕು ಜಾರುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು, ಕೈ ತೆಗಿ ಎಂದರೆ ಸಾಕಿತ್ತು. ಮೇಡಂ ನಮ್ಮ ಬೆನ್ನ ಹಿಂದೆಯೇ ಇದ್ದಳು. ಅದಲ್ಲದೆ, ಮುಚ್ಚಿಡುವುದೇಕೆ, ಈ ಹುಡುಗಿ ನನ್ನ ನಾದಿನಿಯ ಜಾಗದಲ್ಲಿ ನಿಂತಿದ್ದಾಳೆ, ಅನುಭವಿಸಲಿ ಎಂದು ಒಂದು ಗಳಿಗೆ ನನ್ನ ಮನಸ್ಸಿಗೆ ಬಂದಿತ್ತು.

ಅವಳು ಒತ್ತಿದಳು. ಚಾಕು ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಅವಳು ಬಿಳಿ ಹಲಗೆಯ ಮೇಲೆ ರಕ್ತ ಹರಿದು ಮೀನಿನ ಅಡಿಗೆ ಹೋಗುವುದನ್ನು ನೋಡುತ್ತ ನಿಂತಳು. ಆಮೇಲೆ ನೆಲದ ಮೇಲೆ ಕೂತಳು. ಮೇಡಂ ಓಡಿದಳು. ಓಡಬಾರದು ಎಂದು ಅವಳೇ ಹೇಳಿದ್ದ ನೆಲದ ಮೇಲೆ ಓಡಿ, ಹಸಿರು ಶಿಲುಬೆಯ ಕೆಳಗೆ ಕೈಹಾಕಿದಳು. ಅಲ್ಲಿ ಖಾಲಿ ಕೊಕ್ಕೆ ಇತ್ತು.

ತಿರುಗಿ ನಮ್ಮನ್ನು ನೋಡಿ, "ಪೆಟ್ಟಿಗೆ ಎಲ್ಲಿದೆ?" ಎಂದಳು.

ಇಪ್ಪತ್ತೆರಡು ಜನಕ್ಕೂ ಗೊತ್ತಿತ್ತು. ಹಾಡು ಪರೀಕ್ಷೆಯಾಗಿತ್ತು, ಶೌಚಾಲಯ ಪರೀಕ್ಷೆಯಾಗಿತ್ತು, ಇದೂ ಪರೀಕ್ಷೆಯಲ್ಲ ಎಂದು ಹೇಳುವವರು ಯಾರು? ಎಲ್ಲರೂ ಕೈಯಲ್ಲಿದ್ದ ಚಾಕು ನೋಡುತ್ತ ನಿಂತೆವು. ಮೇಡಂ ಇನ್ನೊಮ್ಮೆ ಕೇಳಿದಳು. ನಲ್ಲಿಯ ಹತ್ತಿರ ಹೋದಳು, ಮೇಜಿನ ಖಾನೆಗಳನ್ನು ಎಳೆದಳು, ಬಾಗಿಲ ಕಡೆ ಹೋಗಿ ಬೆರ್ತಿಂಗನ ಹೆಸರು ಹಿಡಿದು ಕೂಗಿದಳು. ಗೇಟು ಕೂಗು ಕೇಳುವಷ್ಟು ಹತ್ತಿರವಿರಲಿಲ್ಲ. ಇದು ಪರೀಕ್ಷೆಯಲ್ಲ ಎಂದು ಆಗ ನನಗೆ ಖಚಿತವಾಯಿತು.

ಖಚಿತವಾದ ಮೇಲೂ ನಾನು ಕದಲಲಿಲ್ಲ. ಆ ಒಂದು ನಿಮಿಷವನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ. ಗಂಡನ ಬೆನ್ನು, ಮಾರ್ಚ್ ತಿಂಗಳು, ಐದು ತಿಂಗಳ ಅಕ್ಕಿ, ಎಲ್ಲ ತಲೆಯಲ್ಲಿ ಹಾದುಹೋಯಿತು. ಬೇರೆ ಯಾರಾದರೂ ಹೋಗಲಿ ಎಂದು ಕಾದೆ. ಎಲ್ಲರೂ ಅದನ್ನೇ ಕಾಯುತ್ತಿದ್ದರು.

ನೆಲದ ಮೇಲೆ ಕೂತ ಹುಡುಗಿ ಮೇಡಂ ಕಡೆ ನೋಡುತ್ತಿರಲಿಲ್ಲ. ನನ್ನ ಕಡೆ ನೋಡುತ್ತಿದ್ದಳು. ಅಳುವೂ ಇಲ್ಲ, ದೂರೂ ಇಲ್ಲ. ಮುಂದೇನು ಮಾಡಬೇಕು ಎಂದು ನನ್ನ ಕೈಯನ್ನು ನೋಡುತ್ತಿದ್ದಳು, ಬೆಳಿಗ್ಗೆಯಿಂದ ನೋಡಿದ ಹಾಗೆಯೇ.

ನಾನು ಚಾಕು ಕೆಳಗಿಟ್ಟೆ. ಕಂಬದ ಹತ್ತಿರ ಹೋಗಿ, ತಲೆಯೆತ್ತಿ ನೋಡದೆ, ಮೊಳೆಯಿಂದ ಕೀಲಿ ತೆಗೆದೆ. ತೊಟ್ಟಿಯ ಹಿಂದೆ ಕೈ ಹಾಕಿ ಪೆಟ್ಟಿಗೆ ಎಳೆದೆ. ಅದರ ಬೀಗ ಎಡಕ್ಕೆ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ, ಹಾಗೆ ತಿರುಗಿಸಿದೆ. ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿ ಎಂದು ಹುಡುಗಿಗೆ ಹೇಳಿದೆ. ಬಟ್ಟೆಯ ಉಂಡೆ ಒತ್ತಿ, ಅದರ ಮೇಲೆ ಬಿಗಿಯಾಗಿ ಪಟ್ಟಿ ಸುತ್ತಿದೆ. ಈ ನೆಲದ ಮೇಲೆ ಹೀಗೆ ಎಷ್ಟು ಕೈ ಕಟ್ಟಿದ್ದೇನೋ. ರಕ್ತ ನಿಧಾನಕ್ಕೆ ನಿಂತಿತು. ಮೂಳೆಗೆ ತಾಗಿಲ್ಲ, ನಾಲ್ಕು ಹೊಲಿಗೆ ಬೀಳುತ್ತದೆ, ಬೆರಳು ಉಳಿಯುತ್ತದೆ ಎಂದು ಅವಳಿಗೆ ಹೇಳಿದೆ.

ಮೇಡಂ ಮೊಬೈಲಿನಲ್ಲಿ ಆಸ್ಪತ್ರೆಗೆ ಗಾಡಿ ಹೇಳಿದಳು. ಹತ್ತು ನಿಮಿಷ ಆಗುತ್ತದೆ ಎಂದರಂತೆ. ಫೋನು ಇಟ್ಟ ಮೇಲೆ ಉಸಿರು ಬಿಟ್ಟಳು, ಅಂಗಿ ಸರಿಮಾಡಿಕೊಂಡಳು. ಅವಳ ಮುಖಕ್ಕೆ ಮೆಲ್ಲಗೆ ಬೆಳಗಿನ ಮೇಡಂ ಮರಳಿ ಬಂದಳು. ನನ್ನ ಎದೆಯ ಮೇಲಿನ ಹೂವು ಓದಿದಳು.

"ಫ್ಲೋರ್ದೆಲಿಸಾ. ಪೆಟ್ಟಿಗೆ ಅಲ್ಲಿದೆ ಅಂತ ಹೇಗೆ ಗೊತ್ತಿತ್ತು?"

ವಾಸನೆ ಎನ್ನಬಹುದಿತ್ತು. ಪ್ರಿಸ್ಕಾ ಆಗಿದ್ದರೆ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದಳು. ನನಗೆ ಸಾಕಾಗಿತ್ತು. "ನಿಮಗೆ ಹೇಗೆ ಗೊತ್ತಿರಲಿಲ್ಲ ಮೇಡಂ?" ಎಂದೆ. "ಎಂಟು ದಿನ ಆಯ್ತಲ್ಲ ಬಂದು. ನಮ್ಮನ್ನ ಹಿಡಿಯೋಕೆ ಎಲ್ಲೆಲ್ಲಿ ಬಲೂನು ಕಟ್ಟಬೇಕು ಅಂತ ನೋಡ್ಕೊಂಡ್ರಿ. ರಕ್ತ ಬಂದ್ರೆ ಕೈ ಎಲ್ಲಿಗೆ ಹಾಕಬೇಕು ಅಂತ ನೋಡಿಲ್ಲ."

ಅವಳ ಕಿವಿ ಕೆಂಪಾಯಿತು. ಆದರೆ ಅವಳೂ ಬಿಡುವವಳಲ್ಲ. ನಾನು ಎಷ್ಟು ಸಲ ಇಲ್ಲಿ ಕೆಲಸ ಮಾಡಿದ್ದೇನೆ ಎಂದು ಕೇಳಿದಳು. ಇದು ಹನ್ನೊಂದನೆಯ ಸಲ ಎಂದೆ. ಅರ್ಜಿಯಲ್ಲಿ ಸುಳ್ಳು ಬರೆದಿದ್ದೀರಿ ಎಂದಳು. ಹಾಗೆ ಬರೆಯಲು ಕಲಿಸಿದವರು ನಿಮ್ಮ ಕಡೆಯವರೇ ಎಂದೆ. ಹಿಂದೆ ನಿಂತವರಲ್ಲಿ ಯಾರೋ ಕೆಮ್ಮಿದರು. ಯಾರೂ ಮುಂದೆ ಬರಲಿಲ್ಲ, ಬರಲಿ ಎಂದು ನಾನೂ ಬಯಸಲಿಲ್ಲ. ಅವರ ಮನೆಗಳಲ್ಲೂ ಒಲೆ ಇದೆ. ಮೇಡಂ ಕೈ ಚಾಚುವ ಮೊದಲು ನಾನೇ ಹೂವು ಕಿತ್ತು ಅವಳ ಅಂಗೈಗೆ ಅಂಟಿಸಿದೆ.

ಆಗ ಅವಳು ರೀಜಲಿನ್ ಕಡೆ ತಿರುಗಿ, "ನೀನು ಹೆದರಬೇಡ. ಹೊಲಿಗೆ ಹಾಕಿಸ್ಕೊಂಡು ಬಾ, ನಿನ್ನ ಕೆಲಸ ನಿನಗೇ. ನೀನಂತೂ ಹೊಸಬಳೇ, ಅದರಲ್ಲಿ ಸಂಶಯ ಇಲ್ಲ," ಎಂದಳು. ನಗು ಬಂತು ನನಗೆ. ಕೈ ಕುಯ್ದುಕೊಂಡವಳಿಗೆ ಕೆಲಸ, ಕಟ್ಟಿದವಳಿಗೆ ಗೇಟು. ಈ ಕಂಪನಿಯ ಇಡೀ ಬುದ್ಧಿ ಅಷ್ಟರಲ್ಲೇ ಇತ್ತು.

ಹುಡುಗಿ ಕೈಯನ್ನು ಇನ್ನೂ ತಲೆಯ ಮೇಲೇ ಹಿಡಿದುಕೊಂಡಿದ್ದಳು. ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕಾ, ನೀವು ಮಾಡಿದ ಹಾಗೇ ಮಾಡಿದೆ. ಎಲ್ಲಿ ತಪ್ಪಾಯ್ತು?"

ನಾನು ಅವಳನ್ನು ಎಬ್ಬಿಸಿ ಹಲಗೆಯ ಮುಂದೆ ನಿಲ್ಲಿಸಿದೆ.

"ನಾನು ಮಾಡಿದ್ದೇ ತಪ್ಪು. ಬೇಕಂತ ತಪ್ಪು ಮಾಡಿದೆ. ನೀನು ನೋಡ್ತಿದ್ದೀಯ ಅಂತ ಗೊತ್ತಿದ್ದೂ ಮಾಡಿದೆ. ಈಗ ಸರಿಯಾಗಿ ನೋಡು, ಎರಡನೇ ಸಲ ತೋರಿಸೋಕೆ ನಾನು ಇರಲ್ಲ."

ಅವಳ ಹಲಗೆಯ ರಕ್ತವನ್ನು ನೀರು ಹಾಕಿ ತೊಳೆದೆ. ನನ್ನ ಮೀನು ತಂದು ಅದರ ಮೇಲಿಟ್ಟೆ. ಹೆಬ್ಬೆರಳನ್ನು ಚಾಕುವಿನ ಬೆನ್ನ ಮೇಲಿಟ್ಟು ಅವಳಿಗೆ ತೋರಿಸಿದೆ. ಎಡಗೈಯನ್ನು ಕಿವಿರಿಗೆ ಹಾಕಿ ತೋರಿಸಿದೆ. ಆಮೇಲೆ ಕೈಯನ್ನು ಅದರ ಪಾಡಿಗೆ ಬಿಟ್ಟೆ. ಬೆಳಿಗ್ಗೆಯಿಂದ ಕಟ್ಟಿಹಾಕಿದ್ದ ಕೈ ಅದು. ಹೊಟ್ಟೆ ಒಂದೇ ಎಳೆತಕ್ಕೆ ಬಿಚ್ಚಿತು, ಕರುಳು ಒಂದೇ ಹಿಡಿಗೆ ಬಂತು, ತಲೆ ಬೇರೆಯಾಯಿತು. ಪಕ್ಕದ ಹಲಗೆಯ ಮೀನು ಎಳೆದುಕೊಂಡೆ, ಅದರ ಪಕ್ಕದ್ದೂ ಎಳೆದುಕೊಂಡೆ. ಹೆಂಗಸರು ತಮ್ಮ ತಮ್ಮ ಮೀನುಗಳನ್ನು ಮಾತಿಲ್ಲದೆ ನನ್ನ ಕಡೆಗೆ ತಳ್ಳಿದರು. ಆರು ವರ್ಷದಲ್ಲಿ ಮುಖಗವಸಿಲ್ಲದೆ ಆ ಮನೆಯಲ್ಲಿ ನಾನು ಮೀನು ಹೆರೆದದ್ದು ಅದೊಂದೇ ಸಲ. ನನ್ನ ಕೈ ಎಷ್ಟು ಚಂದ ಎಂದು ನನಗೇ ಹೆಮ್ಮೆಯಾಯಿತು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಹೊರಗೆ ಗಾಡಿಯ ಸದ್ದು ಕೇಳುವವರೆಗೆ ನಿಲ್ಲಿಸಲಿಲ್ಲ. ಚಾಕು ತೊಳೆದು, ಹಿಡಿ ಆ ಹುಡುಗಿಯ ಕಡೆಗಿರುವ ಹಾಗೆ ಇಟ್ಟೆ. ಅವಳು ಗಾಯವಿಲ್ಲದ ಕೈಯಿಂದ ಅದನ್ನು ಎತ್ತಿ ಹಿಡಿದು ನೋಡಿದಳು. ಹೆಬ್ಬೆರಳು ಬೆನ್ನ ಮೇಲೇ ಇತ್ತು.

ಮೇಡಂ ಹತ್ತಿರ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮೊಬೈಲು ಎತ್ತಿ ಹಿಡಿದು, ಈಗ ಬೇರೆಯೇ ಮೆತ್ತನೆಯ ದನಿಯಲ್ಲಿ ಕೇಳಿದಳು.

"ಅಕ್ಕಾ, ಹೋಗೋ ಮುಂಚೆ ಇನ್ನೊಂದು ಸಲ ನಿಧಾನವಾಗಿ ತೋರಿಸ್ತೀರಾ? ವಿಡಿಯೋ ಮಾಡ್ಕೋತೀನಿ. ಮುಂದೆ ಬರೋ ಹೊಸಬರಿಗೆ ಕಲಿಸೋಕೆ."

ದಿನವಿಡೀ ನಾನು ಅವಳಿಗೆ ಫ್ಲೋರ್ದೆಲಿಸಾ ಆಗಿದ್ದೆ. ಹೂವು ಕಿತ್ತ ಮೇಲೆ ಅಕ್ಕ ಆಗಿದ್ದೆ.

"ಅದು ವಿಡಿಯೋದಲ್ಲಿ ಬರಲ್ಲ ಮೇಡಂ," ಎಂದೆ. "ಪಕ್ಕದಲ್ಲಿ ನಿಂತು ಕಲೀಬೇಕು. ಕೈ ಕೂರೋಕೆ ಸರಿಯಾಗಿ ಆರು ತಿಂಗಳು ಬೇಕು. ಅಷ್ಟು ದಿನ ನೀವು ಇಲ್ಲಿ ಯಾರನ್ನೂ ಇಟ್ಕೊಳ್ಳಲ್ವಲ್ಲ."

ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಆ ಮನೆಯ ಬಾಗಿಲಿನ ಕಡೆ ಹೊರಟೆ. ಅಲ್ಲಿಯೂ ಹೊಸಿಲು ಎತ್ತರ, ಪ್ರಿಸ್ಕಾಳ ಹಾಗೆ ನಾನೂ ನೋಡದೆಯೇ ಕಾಲೆತ್ತಿ ದಾಟಿದೆ.